ಮುಂದಿನ ಸಾಲೋ ಹಿಂದಿನದೋ, ಮೊದಲ ಶೋನೋ ಐದನೆಯದೋ

ನಾಟಕಕ್ಕೆ ಹೋಗಬೇಕೆಂದರೆ ನಮ್ಮ ಮನೆಯಲ್ಲಿ ಮೊದಲು ಒಂದು ಸಣ್ಣ ಜಗಳ ಆಗಲೇಬೇಕು. ನಮ್ಮ ಯಜಮಾನರಿಗೆ ಮೊದಲ ಸಾಲು ಬೇಕು. ನಟರ ಹಣೆಯ ಬೆವರು ಕಾಣದಿದ್ದರೆ ಮನೆಯಲ್ಲೇ ಟಿವಿ ಹಾಕ್ಕೊಂಡು ಕೂರಬಹುದಿತ್ತಲ್ಲ ಅನ್ನುವ ಪೈಕಿ ಅವರು. ನನಗೆ ಹಿಂದೆ, ಸರಿ ನಡುವೆ, ಮುಂದೆ ಎತ್ತರದವರು ಯಾರೂ ಇಲ್ಲದ ಕಡೆ ಒಂದು ಕುರ್ಚಿ ಸಿಕ್ಕರೆ ಸಾಕು. ನಮ್ಮ ಜೊತೆ ಬರುವ ಗೆಳತಿಗೆ ಎಲ್ಲಿ ಕೂತರೂ ಆದೀತು, ಆದರೆ ಮೊದಲ ಪ್ರದರ್ಶನವೇ ಆಗಬೇಕು. "ಹೊಸ ನಾಟಕಾನ ಮೂರನೇ ಶೋಗೆ ನೋಡೋದು ಅಂದ್ರೆ ತಂಗಳು ಉಂಡ ಹಾಗೆ ಕಣೇ" ಅನ್ನುತ್ತಾಳೆ. ಅವಳ ಗಂಡ ಪಕ್ಕದಿಂದಲೇ, "ಮೊದಲ ಶೋ ಅಂದ್ರೆ ಅರೆಬೆಂದ ಅನ್ನ" ಅನ್ನುತ್ತಾರೆ. ಟಿಕೆಟ್ ತೆಗೆಯುವುದು ಕೊನೆಗೆ ನಾನೇ.

ವರ್ಷಗಟ್ಟಲೆ ಈ ಜಗಳ ಕೇಳಿ ಕೇಳಿ ನನಗೆ ಹೊಳೆದದ್ದು ಇಷ್ಟು: ಎಲ್ಲಿ ಕೂರಬೇಕು, ಎಷ್ಟನೇ ಪ್ರದರ್ಶನಕ್ಕೆ ಹೋಗಬೇಕು ಅನ್ನುವುದು ಎರಡು ಪ್ರಶ್ನೆಗಳೇ ಅಲ್ಲ. ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಅರ್ಧ ಸಿಕ್ಕ ಹಾಗೆ. ಉಳಿದರ್ಧ ರಂಗಮಂದಿರದ ಆಕಾರಕ್ಕೆ ಬಿಟ್ಟದ್ದು. ಹಾಗಾಗಿ ಆಕಾರದಿಂದಲೇ ಶುರು ಮಾಡೋಣ.

ಚೌಕಟ್ಟಿನ ವೇದಿಕೆ, ಚಾಚಿದ ವೇದಿಕೆ

ಬೆಂಗಳೂರಿನ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ, ಜೆ.ಪಿ. ನಗರದ ರಂಗಶಂಕರ, ಈ ಎರಡರಲ್ಲೂ ಒಂದೊಂದು ನಾಟಕ ನೋಡಿದವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಕಲಾಕ್ಷೇತ್ರ ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿದ್ದು, 1963ರಲ್ಲಿ ತೆರೆಯಿತು. 800ಕ್ಕೂ ಹೆಚ್ಚು ಕುರ್ಚಿಗಳು, ಮೇಲೊಂದು ಬಾಲ್ಕನಿ, ಎದುರಿಗೆ ಚೌಕಟ್ಟು ಕಟ್ಟಿದ ಹಾಗೆ ಎತ್ತರದ ವೇದಿಕೆ. ರಂಗಭೂಮಿಯವರ ಬಾಯಲ್ಲಿ ಇದು ಪ್ರೊಸೀನಿಯಂ. ಗೋಡೆಗೆ ತೂಗಿದ ಪಟವನ್ನು ನೋಡುವ ಹಾಗೆ ಇಲ್ಲಿ ನಾಟಕ ನೋಡಬೇಕು. ಪಟಕ್ಕೆ ಮೂಗು ತಾಗಿಸಿ ನಿಂತರೂ ಕಾಣುವುದಿಲ್ಲ, ಪಕ್ಕದಿಂದ ಇಣುಕಿದರೂ ಸರಿಯಾಗಿ ಕಾಣುವುದಿಲ್ಲ.

ಇಲ್ಲಿ ಮೊದಲೆರಡು ಸಾಲಿನಲ್ಲಿ ಕೂತರೆ ಕತ್ತು ಮೇಲೆತ್ತಿಕೊಂಡೇ ಇರಬೇಕು. ವೇದಿಕೆಯ ನೆಲ ಕಾಣುವುದಿಲ್ಲ. ನೆಲದ ಮೇಲೆ ಕೂತು ಆಡುವ ದೃಶ್ಯ, ಬಿದ್ದ ಹೆಣ, ರಂಗೋಲಿ, ಗುಂಪು ಕುಣಿಯುವಾಗ ಕಾಲುಗಳು ಬಿಡಿಸುವ ಚಿತ್ತಾರ, ಇದೆಲ್ಲ ಲುಕ್ಸಾನು. ನಿರ್ದೇಶಕರು ತಾಲೀಮು ನೋಡುವುದು ಸಾಮಾನ್ಯವಾಗಿ ಹಿಂದೆ ಸರಿದು ನಡುವಿನಿಂದ. ಯಾರು ಎಲ್ಲಿ ನಿಲ್ಲಬೇಕು, ಬೆಳಕು ಎಲ್ಲಿಂದ ಬೀಳಬೇಕು ಅನ್ನುವ ಲೆಕ್ಕವೆಲ್ಲ ಆ ಕಣ್ಣಿನದ್ದು. ಐದರಿಂದ ಹತ್ತನೇ ಸಾಲಿನವರೆಗೆ, ನಡುಭಾಗದಲ್ಲಿ ಕೂತರೆ ನಿಮ್ಮ ಕಣ್ಣು ನಿರ್ದೇಶಕರ ಕಣ್ಣಿಗೆ ತೀರಾ ಹತ್ತಿರ ಬರುತ್ತದೆ. ಹನುಮಂತನಗರದ ಕೆ.ಎಚ್. ಕಲಾಸೌಧಕ್ಕೂ ಇದೇ ಮಾತು. ಅದು ಕಲಾಕ್ಷೇತ್ರದ ತಮ್ಮನಿದ್ದ ಹಾಗೆ, ಚಿಕ್ಕದು. ಹಾಗಾಗಿ ಸಾಲಿನ ಲೆಕ್ಕ ಎರಡು ಮೂರು ಮುಂದಕ್ಕೆ ಬರುತ್ತದೆ, ಅಷ್ಟೇ.

ರಂಗಶಂಕರ ಬೇರೆಯೇ ಜಾತಿ. 2004ರಲ್ಲಿ ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮತ್ತು ಸಂಕೇತ್ ಟ್ರಸ್ಟ್ ಕಟ್ಟಿ ನಿಲ್ಲಿಸಿದ ಮನೆ ಅದು. ಸುಮಾರು 320 ಜನ ಕೂರಬಹುದು. ವೇದಿಕೆ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ, ಕುರ್ಚಿಗಳು ಅದನ್ನು ಬಳಸಿಕೊಂಡು ಕಡಿದಾಗಿ ಮೇಲೇರುತ್ತವೆ. ಮುಂದಿನವರ ತಲೆ ಅಡ್ಡ ಬರುವ ಗೋಳು ಇಲ್ಲಿ ಬಹಳ ಕಡಿಮೆ. ಕೊನೆಯ ಸಾಲಿನಲ್ಲಿ ಕೂತರೂ ಪಿಸುಮಾತು ಕೇಳಿಸುತ್ತದೆ. ಆದ್ದರಿಂದ ಇಲ್ಲಿ ಕೆಟ್ಟ ಸೀಟು ಯಾವುದು ಅನ್ನುವುದಕ್ಕಿಂತ, ಯಾವ ಸೀಟಿನಲ್ಲಿ ಯಾವ ನಾಟಕ ಸಿಗುತ್ತದೆ ಅನ್ನುವುದು ಸರಿಯಾದ ಪ್ರಶ್ನೆ. ಬದಿಯಲ್ಲಿ ಕೂತವರಿಗೆ ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮುಖ, ಇನ್ನೊಬ್ಬರ ಬೆನ್ನು. ಬೆನ್ನಿನಲ್ಲೂ ಅಭಿನಯ ಮಾಡುವವರಿದ್ದರೆ ಅದೂ ಒಂದು ಭಾಗ್ಯವೇ. ಆದರೆ ಪ್ರೊಸೀನಿಯಂಗೆಂದೇ ಕೂರಿಸಿದ ನಾಟಕವನ್ನು ಹಾಗೇ ಎತ್ತಿಕೊಂಡು ಬಂದು ಇಲ್ಲಿ ಆಡುವ ತಂಡಗಳೂ ಉಂಟು. ಅವರು ನೇರ ಎದುರಿಗಷ್ಟೇ ಆಡುತ್ತಾರೆ, ಬದಿಯವರ ಪಾಡು ಬದಿಯವರಿಗೆ. ಹೊರಗಿನಿಂದ ಬಂದ ತಂಡವಾದರೆ ನಾನು ತಪ್ಪದೆ ನಡುವಿಗೇ ಹೋಗುತ್ತೇನೆ.

ಇಲ್ಲಿ ಸಾಮಾನ್ಯವಾಗಿ ಸೀಟಿಗೆ ನಂಬರ್ ಇರುವುದಿಲ್ಲ, ಮೊದಲು ಬಂದವರಿಗೆ ಮೊದಲು. ಕ್ಯಾಂಟೀನಿನಲ್ಲಿ ಅಕ್ಕಿ ರೊಟ್ಟಿ ಬರಲಿ ಅಂತ ಕಾಯುತ್ತಾ ಕೂತರೆ ಸಾಲಿನ ಬಾಲ ಗೇಟಿನವರೆಗೆ ಹೋಗಿರುತ್ತದೆ. ತಡವಾಗಿ ಬಂದರಂತೂ ಬಾಗಿಲೇ ತೆಗೆಯುವುದಿಲ್ಲ. ಟ್ರಾಫಿಕ್ ಕಥೆ, ಮಳೆ ಕಥೆ, ಯಾವುದೂ ನಡೆಯುವುದಿಲ್ಲ. ಇದನ್ನು ಬೈಯುವವರನ್ನು ಕಂಡಿದ್ದೇನೆ. ನನಗಂತೂ ಆ ಕಟ್ಟುನಿಟ್ಟಿಗೇ ಎರಡು ಕೈ ಎತ್ತಿ ಮುಗಿಯಬೇಕು ಅನ್ನಿಸುತ್ತದೆ.

ಬದಿಯ ಸೀಟು, ಬಾಲ್ಕನಿ, ಹಿಮ್ಮೇಳ

ಚೌಕಟ್ಟಿನ ರಂಗಮಂದಿರದಲ್ಲಿ ಬದಿಯ ಸೀಟು ಸಿಕ್ಕಿತು ಅನ್ನಿ. ಎಡತುದಿಯಲ್ಲಿ ಕೂತರೆ ವೇದಿಕೆಯ ಎಡ ಹಿಂಬದಿಯ ಮೂಲೆ ನಿಮಗೆ ಮರೆ. ಅದಕ್ಕೆ ಪ್ರತಿಯಾಗಿ ಬಲಗಡೆಯ ಸೈಡ್ ವಿಂಗ್ ಒಳಗೆಲ್ಲ ಬಿಟ್ಟಿಯಾಗಿ ಕಾಣುತ್ತದೆ: ಪ್ರವೇಶಕ್ಕೆ ಕಾದು ನಿಂತವರು, ಬಾಟಲಿ ಎತ್ತಿ ನೀರು ಕುಡಿಯುವ ಸೈನಿಕ, ನೆರಿಗೆ ಸರಿಮಾಡಿಕೊಳ್ಳುತ್ತಿರುವ ಮಂಥರೆ. ಮೊದಲ ಬಾರಿಗೆ ನಾಟಕ ನೋಡುವವರನ್ನು ಅಲ್ಲಿ ಕೂರಿಸಬೇಡಿ, ಗಮನವೆಲ್ಲ ಅತ್ತಲೇ ಹೋಗುತ್ತದೆ. ನಾಟಕ ಕಲಿಯುತ್ತಿರುವ ಮಕ್ಕಳಿಗೆ ಮಾತ್ರ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಹಿಮ್ಮೇಳ ಯಾವ ಕಡೆ ಕೂರುತ್ತದೆ ಅನ್ನುವುದನ್ನು ಯಾರೂ ನೋಡುವುದಿಲ್ಲ. ನಾನು ಒಳಗೆ ಹೋದ ಕೂಡಲೇ ನೋಡುವುದೇ ಅದನ್ನು. ಕನ್ನಡ ನಾಟಕಗಳಲ್ಲಿ ಹಾರ್ಮೋನಿಯಂ, ತಬಲಾ, ಡೋಲು ಹಿಡಿದ ಸಂಗೀತದವರು ವೇದಿಕೆಯ ಒಂದು ಬದಿಯಲ್ಲೋ ಕೆಳಗೋ ಕೂರುವುದು ಹೆಚ್ಚು. ಆ ಪಕ್ಕದಲ್ಲೇ ನೀವು ಕೂತರೆ ಹಾಡಿನ ನಡುವೆ ಬರುವ ಮಾತುಗಳು ಚೂರುಚೂರಾಗಿ ಕೇಳಿಸುತ್ತವೆ. ಎದುರು ಬದಿಗೆ ಹೋಗಿ. ರಂಗಸಂಗೀತ ಕೇಳುವುದಕ್ಕೆಂದೇ ಬಂದವರಾದರೆ ಮಾತ್ರ ಅಲ್ಲೇ ಕೂತು ತಬಲಾದವರ ಬೆರಳು ನೋಡಿ.

ಬಾಲ್ಕನಿಯ ಬಗ್ಗೆ ತಾತ್ಸಾರ ಬೇಡ. ಮುಖ ಕಾಣುವುದಿಲ್ಲ ನಿಜ, ಆದರೆ ಇಪ್ಪತ್ತು ಮೂವತ್ತು ಜನರ ಗುಂಪಿನ ನಾಟಕವಾದರೆ ಮೇಲಿನಿಂದಲೇ ಅದರ ನಕ್ಷೆ ತಿಳಿಯುವುದು. ಬೆಳಕಿನ ವಿನ್ಯಾಸ ಮಾಡಿದವರು ನೆಲದ ಮೇಲೆ ಏನು ಬಿಡಿಸಿದ್ದಾರೆ ಅನ್ನುವುದೂ ಅಲ್ಲಿಂದಲೇ ಕಾಣುವುದು. ತಪ್ಪಿಸಿಕೊಳ್ಳಬೇಕಾದ್ದು ಬಾಲ್ಕನಿಯ ಕೆಳಗಿನ ಕೊನೆಯ ಸಾಲುಗಳನ್ನು. ತಲೆಯ ಮೇಲಿನ ಚಾವಣಿ ತಗ್ಗಾಗಿರುವುದರಿಂದ ದನಿ ಅಲ್ಲಿಗೆ ಬರುವಷ್ಟರಲ್ಲಿ ಮಂಕಾಗಿರುತ್ತದೆ. ಒಮ್ಮೆ ಒಂದು ಊರಿನ ಸಭಾಂಗಣದಲ್ಲಿ ಅಂಥ ಜಾಗದಲ್ಲೇ ಕೂತು, ತಲೆಯ ಮೇಲೆ ಗೊರಗುಟ್ಟುವ ಹಳೆಯ ಏಸಿಯ ಕೆಳಗೆ ಎರಡು ಗಂಟೆ ಮೂಕಿ ಸಿನಿಮಾ ನೋಡಿದ ಹಾಗೆ ನಾಟಕ ನೋಡಿ ಬಂದೆ. ಕಥೆ ಏನೆಂದು ದಾರಿಯಲ್ಲಿ ಯಜಮಾನರು ಹೇಳಿದರು.

ಮಂಡಿನೋವಿನವರಿದ್ದರೆ ಮೆಟ್ಟಿಲ ಪಕ್ಕದ ಸೀಟು. ಚಿಕ್ಕ ಮಕ್ಕಳಿದ್ದರೆ ಬಾಗಿಲ ಪಕ್ಕದ್ದು. ಇದಕ್ಕೆ ವಿವರಣೆ ಬೇಡ.

ಅರೆಬೆಂದದ್ದೋ ತಂಗಳೋ

ಇನ್ನು ಎಷ್ಟನೇ ಶೋ ಅನ್ನುವ ಮಾತು. ನ್ಯೂಯಾರ್ಕಿನ ಬ್ರಾಡ್‌ವೇಯಲ್ಲೂ ಲಂಡನ್ನಿನ ವೆಸ್ಟ್ ಎಂಡ್‌ನಲ್ಲೂ ಪ್ರೀವ್ಯೂ ಅಂತ ಒಂದು ಪದ್ಧತಿ ಉಂಟು. ಅಧಿಕೃತ ಉದ್ಘಾಟನೆಗೆ ಮುಂಚೆ ಕೆಲವು ದಿನ, ಕೆಲವು ವಾರ, ಟಿಕೆಟ್ ಮಾರಿಯೇ ಆಡುತ್ತಾರೆ. ಹಗಲು ತಿದ್ದುತ್ತಾರೆ, ಸಂಜೆ ಆಡುತ್ತಾರೆ. ವಿಮರ್ಶಕರು ಅಲ್ಲಿಯವರೆಗೆ ಪೆನ್ನು ಮುಚ್ಚಿಟ್ಟು ಕಾಯುವುದು ವಾಡಿಕೆ. ಬ್ರಾಡ್‌ವೇಯಲ್ಲಿ 2010ರ ನವೆಂಬರಿನಲ್ಲಿ ಶುರುವಾದ ಒಂದು ಭಾರೀ ಸಂಗೀತ ನಾಟಕ 182 ಪ್ರೀವ್ಯೂ ಆಡಿ ಮುಗಿಸಿ 2011ರ ಜೂನ್‌ನಲ್ಲಿ ಉದ್ಘಾಟನೆಯಾಯಿತು. ನಮ್ಮ ಹವ್ಯಾಸಿ ತಂಡಗಳಲ್ಲಿ ಎಷ್ಟಕ್ಕೆ 182 ಪ್ರದರ್ಶನದ ಆಯಸ್ಸಿದೆ ಹೇಳಿ? ಇಪ್ಪತ್ತೈದನೇ ಪ್ರದರ್ಶನಕ್ಕೇ ನಾವು ಪೋಸ್ಟರ್ ಹೊಡೆಸುತ್ತೇವೆ.

ನಮ್ಮಲ್ಲಿ ಪ್ರೀವ್ಯೂ ಇಲ್ಲ. ಅಂದರೆ ನಿಜ ಹೇಳಬೇಕೆಂದರೆ ಮೊದಲ ಮೂರು ಶೋಗಳೇ ಪ್ರೀವ್ಯೂ, ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಂಡದವರಲ್ಲಿ ಮುಕ್ಕಾಲುಪಾಲು ಬ್ಯಾಂಕು, ಶಾಲೆ, ಸಾಫ್ಟ್‌ವೇರ್ ಕೆಲಸ ಮುಗಿಸಿ ಸಂಜೆ ತಾಲೀಮಿಗೆ ಬರುವವರು. ಸೆಟ್ಟು, ಲೈಟು, ಪೂರ್ತಿ ವೇಷ ಎಲ್ಲ ಕೂಡಿಸಿ ನಿಜವಾದ ರಂಗದ ಮೇಲೆ ಒಂದು ಸಲ ಓಡಿಸಿ ನೋಡುವುದು ಎಷ್ಟೋ ಬಾರಿ ಪ್ರದರ್ಶನದ ದಿನ ಮಧ್ಯಾಹ್ನವೇ. ರಂಗಮಂದಿರದ ಬಾಡಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೊಡುವುದಿಲ್ಲ. ಹಾಗಾಗಿ ಮೊದಲ ದಿನ ಬೆಳಕು ಎಡಕ್ಕೆ ಬಿದ್ದಾಗ ನಟ ಬಲಕ್ಕಿರುತ್ತಾನೆ. ದೃಶ್ಯ ಬದಲಾಗುವ ಕತ್ತಲು ಉದ್ದವಾಗುತ್ತದೆ, ಒಳಗೆ ಏನೋ ಢಬ್ ಅಂತ ಬೀಳುತ್ತದೆ. ಒಂದೂವರೆ ಗಂಟೆ ಅಂದಿದ್ದ ನಾಟಕ ಎರಡು ಗಂಟೆ ಆಗಿರುತ್ತದೆ. ಐದನೇ ಪ್ರದರ್ಶನದ ಹೊತ್ತಿಗೆ ಅದೇ ನಾಟಕ ಇಪ್ಪತ್ತು ನಿಮಿಷ ತೆಳ್ಳಗಾಗಿರುತ್ತದೆ.

ಮೊದಲ ಶೋನ ಇನ್ನೊಂದು ಸೊಬಗು ಸಭಾ ಕಾರ್ಯಕ್ರಮ. ಮೂರನೇ ಬೆಲ್ ಆಯಿತು ಅಂದುಕೊಳ್ಳುವಷ್ಟರಲ್ಲಿ ಕುರ್ಚಿ, ಮೇಜು, ದೀಪದ ಕಂಬ ಬರುತ್ತವೆ. ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ 'ಎರಡೇ ಮಾತು', ಹಾರ, ಶಾಲು, ಹಣ್ಣಿನ ಬುಟ್ಟಿ. ಒಳಗೆ ಬಣ್ಣ ಹಚ್ಚಿಕೊಂಡ ನಟರ ಮುಖ ಆ ಹೊತ್ತಿಗೆ ಬಿರುಕು ಬಿಟ್ಟಿರುತ್ತದೆ. ಆದರೆ ಇದರಿಂದ ಒಂದು ಲಾಭವಿದೆ, ಬರೆದಿಟ್ಟುಕೊಳ್ಳಿ: ಗಣ್ಯರಿಗೆಂದು ಹಗ್ಗ ಕಟ್ಟಿದ ಮುಂದಿನ ಸಾಲುಗಳು ಸಭೆ ಮುಗಿದ ಐದು ನಿಮಿಷಕ್ಕೆ ಖಾಲಿಯಾಗುತ್ತವೆ. ಮುಂದಿನ ಸೀಟು ಬೇಕಾದವರು ನಾಲ್ಕನೇ ಸಾಲಿನ ತುದಿಯಲ್ಲಿ ಕೂತು ಹೊಂಚು ಹಾಕಬೇಕು. ನಮ್ಮ ಯಜಮಾನರು ಇದರಲ್ಲಿ ಪಳಗಿದವರು.

ಇಷ್ಟೆಲ್ಲ ಇದ್ದರೂ ಮೊದಲ ಶೋಗೆ ಯಾಕೆ ಹೋಗಬೇಕು? ಭಯಕ್ಕಾಗಿ. ನಟರಿಗೆ ಭಯವಿದ್ದಾಗ ಒಬ್ಬರನ್ನೊಬ್ಬರು ನಿಜವಾಗಿ ನೋಡುತ್ತಾರೆ, ನಿಜವಾಗಿ ಕೇಳಿಸಿಕೊಳ್ಳುತ್ತಾರೆ, ಎದುರಿನವರ ಬಾಯಿಂದ ಮುಂದಿನ ಮಾತು ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲವಲ್ಲ. ಆ ಮಿಂಚು ಎರಡನೇ ಶೋನಲ್ಲಿ ಇರುವುದಿಲ್ಲ. ಎರಡನೆಯದು ಹೆಚ್ಚಾಗಿ ಸಪ್ಪೆ, ಇದು ರಂಗದವರೇ ಒಪ್ಪುವ ಮಾತು. ಗೆದ್ದೆವು ಅನ್ನುವ ನಿರಾಳದಲ್ಲಿ ಎಲ್ಲರೂ ಅರ್ಧ ಹೆಜ್ಜೆ ನಿಧಾನವಾಗುತ್ತಾರೆ. ಹಾಗಾಗಿ ಶನಿವಾರ ಮೊದಲ ಪ್ರದರ್ಶನ, ಭಾನುವಾರ ಎರಡನೆಯದು ಅಂತ ಇದ್ದರೆ ನಾನು ಕಣ್ಣುಮುಚ್ಚಿ ಶನಿವಾರ ಆರಿಸುತ್ತೇನೆ.

ಹಾಸ್ಯ ನಾಟಕಕ್ಕೆ ಮಾತ್ರ ಈ ಮಾತು ತಿರುಗುಮುರುಗು. ಎಲ್ಲಿ ನಗು ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದು ತಾಲೀಮಿನಲ್ಲಿ ಗೊತ್ತಾಗುವುದಿಲ್ಲ. ಜನರ ಎದುರು ನಿಂತ ಮೇಲೆಯೇ ಗೊತ್ತಾಗುವುದು. ಮೊದಲ ದಿನ ಜನ ನಗುತ್ತಿರುವಾಗಲೇ ನಟ ಮುಂದಿನ ಮಾತು ಆಡಿಬಿಡುತ್ತಾನೆ, ಅದು ನಗುವಿನಲ್ಲಿ ಮುಳುಗಿ ಹೋಗುತ್ತದೆ. ಜೊತೆಗೆ ಮೊದಲ ದಿನದ ಸಭಿಕರೆಲ್ಲ ನೆಂಟರು, ಆಫೀಸಿನವರು. ಅಣ್ಣನ ಮಗ ವೇದಿಕೆಗೆ ಬಂದ ಅಂತ ಚಪ್ಪಾಳೆ, ಅವನು ಅಳುವಾಗಲೂ ನಗು. ಹಾಸ್ಯಕ್ಕೆ ನಾಲ್ಕನೆಯದೋ ಐದನೆಯದೋ ಆಗಲಿ. ತೀರಾ ಹಳೆಯದೂ ಬೇಡ, ನಟರು ಸ್ವಂತದ ಒಗ್ಗರಣೆ ಹಾಕುತ್ತಾ ಹಾಕುತ್ತಾ ಸಾರು ಎಲ್ಲಿ ಅಂತ ಹುಡುಕಬೇಕಾಗುತ್ತದೆ.

ಒಗ್ಗರಣೆಯೇ ಊಟ ಅನ್ನುವಂಥವರೂ ಇದ್ದರು ಅನ್ನಿ. ಮಾಸ್ಟರ್ ಹಿರಣ್ಣಯ್ಯನವರ ನಾಟಕಕ್ಕೆ ಎಷ್ಟನೇ ಶೋ ಅಂತ ಕೇಳುವುದೇ ತಪ್ಪು. ಸಾವಿರಾರು ಸಲ ಆಡಿದ ನಾಟಕದಲ್ಲಿ ಅಂದಿನ ಪೇಪರಿನ ಸುದ್ದಿ, ಅಂದಿನ ಮಂತ್ರಿಯ ಹಗರಣ ಅಂದೇ ಸೇರುತ್ತಿತ್ತು. ದಿನವೂ ಮೊದಲ ಪ್ರದರ್ಶನವೇ. ಇನ್ನೊಂದು ತುದಿಯಲ್ಲಿ ಕಲಾಗಂಗೋತ್ರಿಯ 'ಮುಖ್ಯಮಂತ್ರಿ' ಇದೆ. 1980ರಿಂದ ನೂರಾರು ಪ್ರದರ್ಶನ ಕಂಡು, ಕೊನೆಗೆ ಪಾತ್ರದ ಹೆಸರೇ ನಟನ ಹೆಸರಿಗೆ ಅಂಟಿಕೊಂಡು ಚಂದ್ರು ಅವರು ಮುಖ್ಯಮಂತ್ರಿ ಚಂದ್ರು ಆದರು. ಅಂಥ ನಾಟಕವನ್ನು ನೂರನೇ ಸಲ ನೋಡಿದರೂ ನಷ್ಟವಿಲ್ಲ. ಆದರೆ ಈ ಎರಡನ್ನೂ ಉದಾಹರಣೆ ಕೊಟ್ಟು "ಪಕ್ವವಾಗಲಿ, ಆಮೇಲೆ ನೋಡೋಣ" ಅನ್ನುವವರಿಗೆ ನನ್ನದೊಂದು ಎಚ್ಚರಿಕೆ. ಹವ್ಯಾಸಿ ನಾಟಕಗಳು ಕಾಯುವುದಿಲ್ಲ. ಮೂರು ಶೋ ಆಗಿ, ನಾಯಕಿಗೆ ಪುಣೆಗೆ ವರ್ಗವಾಗಿ, ಅಲ್ಲಿಗೇ ಮುಗಿದುಹೋದ ಒಳ್ಳೆಯ ನಾಟಕಗಳ ಪಟ್ಟಿ ನನ್ನ ಹತ್ತಿರ ಉದ್ದವಿದೆ. ಕಾಯುವುದಾದರೆ ರೆಪರ್ಟರಿಗಳ ನಾಟಕಕ್ಕೆ ಕಾಯಿರಿ. ಸಂಬಳದ ನಟರು, ದಿನವಿಡೀ ಅದೇ ಕೆಲಸ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ ಊರೂರು ಸುತ್ತುತ್ತಿದೆ. ನಿಮ್ಮೂರಿಗೆ ಬರುವಷ್ಟರಲ್ಲಿ ನಾಟಕ ಹತ್ತಾರು ಊರಿನ ನೀರು ಕುಡಿದಿರುತ್ತದೆ.

ಎರಡನ್ನೂ ಕೂಡಿಸಿದರೆ

ಈಗ ನನ್ನ ಸೂತ್ರ. ಮೊದಲ ಪ್ರದರ್ಶನಕ್ಕೆ ಹೋದರೆ ಹಿಂದೆ ಕೂರಿ. ಆ ದಿನ ಗಟ್ಟಿಯಾಗಿರುವುದು ನಿರ್ದೇಶಕರ ಕೆಲಸ: ದೃಶ್ಯದ ಕಟ್ಟು, ಬಣ್ಣ, ಗುಂಪಿನ ಚಲನೆ. ಅದು ದೂರದಿಂದ ಚೆಂದ. ನಟರ ಕೆಲಸ ಇನ್ನೂ ಹಸಿ, ಹತ್ತಿರದಿಂದ ನೋಡಿದರೆ ಮಾತು ನೆನಪಿಸಿಕೊಳ್ಳುವ ಕಣ್ಣುಗಳೇ ಕಾಣುತ್ತವೆ. ಆ ಕಣ್ಣುಗಳನ್ನು ಒಮ್ಮೆ ಕಂಡರೆ ಆಮೇಲೆ ನಾಟಕ ಕಾಣುವುದಿಲ್ಲ, ಇವನು ಮರೆಯದಿರಲಪ್ಪಾ ಅಂತ ನಾವೇ ಒಳಗೊಳಗೆ ಪ್ರಾಂಪ್ಟಿಂಗ್ ಶುರು ಮಾಡುತ್ತೇವೆ. ಐದಾರು ಪ್ರದರ್ಶನ ಆದ ಮೇಲೆ ಹೋದರೆ ಮುಂದೆ ಬನ್ನಿ. ಅಷ್ಟರಲ್ಲಿ ಮಾತು ನಾಲಿಗೆಯಿಂದ ಮೈಗೆ ಇಳಿದಿರುತ್ತದೆ. ಹುಬ್ಬು, ಬೆರಳು, ಮಾತಿಲ್ಲದ ಹೊತ್ತಿನ ಉಸಿರು ಇವನ್ನೆಲ್ಲ ಮೂರನೇ ಸಾಲಿನಿಂದ ನೋಡಬೇಕು.

ಇದಕ್ಕೊಂದು ಅಡ್ಡಿ ಇದೆ, ಮುಚ್ಚಿಡುವುದಿಲ್ಲ. ಹೊಸ ನಟರ ದನಿ ಮೊದಲ ದಿನ ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಕಾಲೇಜು ಹುಡುಗರ ತಂಡ ಕಲಾಕ್ಷೇತ್ರದಲ್ಲಿ ಮೊದಲ ಸಲ ಆಡುತ್ತಿದ್ದರೆ ನನ್ನ ಸೂತ್ರವನ್ನು ಗಾಳಿಗೆ ತೂರಿ ಆರನೇ ಸಾಲಿಗೆ ಬನ್ನಿ. ಅದೇ ತಂಡ ರಂಗಶಂಕರದಲ್ಲಿ ಆಡಿದರೆ ಮೇಲಿನ ಸಾಲಿನಲ್ಲೇ ನಿಶ್ಚಿಂತೆಯಿಂದ ಕೂರಬಹುದು. ಒಬ್ಬರೇ ಆಡುವ ಏಕವ್ಯಕ್ತಿ ನಾಟಕಕ್ಕೂ ಸೂತ್ರ ಬೇಡ. ಎಷ್ಟನೆಯದಾದರೂ ಮುಂದೆಯೇ. ದುಡ್ಡು, ಹೊತ್ತು ಎರಡೂ ಇದ್ದು ನಾಟಕ ಹಿಡಿಸಿದರೆ ಒಮ್ಮೆ ಹಿಂದಿನಿಂದ, ಒಮ್ಮೆ ಮುಂದಿನಿಂದ ನೋಡಿ. ಎರಡು ಬೇರೆ ನಾಟಕ ನೋಡಿದ ಹಾಗಿರುತ್ತದೆ. ಯಜಮಾನರೂ ನಾನೂ ಹಾಗೆ ಮಾಡಿಯೇ ರಾಜಿಯಾಗಿದ್ದು.

ಕಂಪನಿ ನಾಟಕದ ಟೆಂಟಿಗೆ ಹೋಗುವವರಿಗೆ ಬೇರೆ ಲೆಕ್ಕ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲುಸಾಲು ಕಂಪನಿಗಳು ಟೆಂಟ್ ಹಾಕುತ್ತವಲ್ಲ, ಅಲ್ಲಿ ಬರೆದ ಪರದೆಗಳೇ ಅರಮನೆ, ಬೀದಿ, ಕಾಡು. ಪರದೆಯ ಮೇಲೆ ಬರೆದ ಬೀದಿ ಆಳಕ್ಕೆ ಹೋದ ಹಾಗೆ ಕಾಣುವುದು ನಡುವೆ ಕೂತವರಿಗೆ ಮಾತ್ರ. ಬದಿಯಿಂದ ಅದು ಬರೀ ಬಟ್ಟೆ. ಸ್ಪೀಕರಿನ ಬುಡದಲ್ಲಿ ಕೂತರೆ ಮನೆಗೆ ಹೋದ ಮೇಲೂ ಕಿವಿಯಲ್ಲಿ ಡೈಲಾಗು. ಶೋ ನಂಬರ್ ಕೇಳಬೇಡಿ. ಜಾತ್ರೆಯಲ್ಲಿ ಅವರು ದಿನಕ್ಕೆ ಒಂದಕ್ಕಿಂತ ಹೆಚ್ಚು ಆಡುತ್ತಾರೆ, ನಡುರಾತ್ರಿಯದ್ದಕ್ಕೆ ಜನರ ಕೇಕೆ ಹೆಚ್ಚು.

ಬಯಲಿನಲ್ಲಿ ಆಡುವ ನಾಟಕಗಳಿಗೆ, ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ, ಮೈಸೂರು ರಂಗಾಯಣದ ವನರಂಗ ಇಂಥ ಕಡೆ, ಮೆಟ್ಟಿಲ ಮಧ್ಯದ ಎತ್ತರ ಒಳ್ಳೆಯದು. ಜೊತೆಗೆ ಒಂದು ಶಾಲು, ಸೊಳ್ಳೆಗೆ ಓಡೋಮಾಸ್, ಕಲ್ಲಿನ ಮೇಲೆ ಹಾಸಲು ಹಳೆಯ ಬೆಡ್‌ಶೀಟು.

ಸೀಟಿನ ಜಗಳವೇ ಇಲ್ಲದ ನಾಟಕವೊಂದು ನಮ್ಮಲ್ಲಿ ಬಂತು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು 2010ರಲ್ಲಿ ರಂಗಾಯಣದ ಆವರಣದಲ್ಲಿ ರಾತ್ರಿಯಿಡೀ ಆಡಿಸಿದರು. ಸುಮಾರು ಒಂಬತ್ತು ಗಂಟೆಯ ನಾಟಕ, ನಾಲ್ಕು ವೇದಿಕೆ. ಒಂದು ಕಡೆ ಮುಗಿದ ಕೂಡಲೇ ಪ್ರೇಕ್ಷಕರೆಲ್ಲ ಎದ್ದು ಇನ್ನೊಂದು ಕಡೆಗೆ ನಡೆಯಬೇಕು. ಮುಂದೆ ಸಾಲಿಡಿದು ಜಾಗ ಹಿಡಿದಿದ್ದವರು ಎದ್ದು ಬರುವಷ್ಟರಲ್ಲಿ ಹಿಂದಿದ್ದವರು ಮುಂದಿನ ವೇದಿಕೆಯ ಎದುರು ಆರಾಮಾಗಿ ಕೂತಿರುತ್ತಿದ್ದರು. ಆಮೇಲೆ ಬೆಂಗಳೂರಿನ ಕಲಾಗ್ರಾಮಕ್ಕೆ ಅದು ಬಂದಾಗ ನಮ್ಮ ಯಜಮಾನರು ಎರಡನೇ ವೇದಿಕೆಯವರೆಗೂ ಮೊದಲ ಸಾಲಿಗಾಗಿ ಓಡಿದರು. ಮೂರನೆಯದಕ್ಕೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ನನ್ನ ಪಕ್ಕ ಹಿಂದೆಯೇ ಕೂತರು. ನಾಲ್ಕನೆಯದಕ್ಕೆ ಹೋಗುವಾಗ ಮೂಡಣದಲ್ಲಿ ಬೆಳಕಾಗುತ್ತಿತ್ತು, ಇಬ್ಬರ ಚಪ್ಪಲಿಯೂ ಇಬ್ಬನಿಯಲ್ಲಿ ಒದ್ದೆಯಾಗಿತ್ತು.